ಹಾಕಿದ ಸೂರು, ಕಿತ್ತ ಸೂರು

ಯೂಲಾಲಿ ಶೆರಮಿ ಬಾಯಲ್ಲಿ ಮೊಳೆ ಕಚ್ಚಿಕೊಂಡೇ ಬೈಯಬಲ್ಲ ಹೆಂಗಸು. ನಮ್ಮ ಬಾಯೂ ಕನಾರ್ ಕಾಲುವೆಯ ಈ ದಡದಲ್ಲಿ ಯಾರ ಮನೆಗೆ ತಗಡು ಹೊದಿಸಿದರೂ, ಯಾರ ದೋಣಿಯನ್ನು ಮೇಲಕ್ಕೆಳೆದು ಬಣ್ಣ ಬಳಿದರೂ, ಎಲ್ಲರಿಗಿಂತ ಮೊದಲು ಬಂದು ಏಣಿ ಹತ್ತುತ್ತಿದ್ದವಳು ಅವಳೇ. ಏಪ್ರನ್ನಿನ ಜೇಬಿನಲ್ಲಿ ಸುತ್ತಿಗೆ, ತುಟಿಗಳ ನಡುವೆ ಮೊಳೆಗಳು, ಆ ಮೊಳೆಗಳ ಸಂದಿಯಿಂದಲೇ ಮಾತು: "ಇದೇನು ನೀನು ಹೊಡೆದ ಸಾಲಾ, ಹಾವು ಹರಿದ ಜಾಡಾ? ಕಣ್ಣನ್ನ ಯಾರಿಗೆ ಕೊಟ್ಟು ಬಂದಿದ್ದೀಯೋ?"

ಹುಡುಗಿಯಾಗಿದ್ದಾಗಲೇ ಸಿಗಡಿ ಸುಲಿಯುವ ಶೆಡ್ಡಿಗೆ ಸೇರಿದವಳು. ಆಮೇಲೆ ಶಾಲೆಯ ಅಡುಗೆಮನೆಗೆ ಹೋದಳು. ಊರಿನ ಅರ್ಧ ಜನ ಅವಳ ಕೈಯ ಅನ್ನ, ಕೆಂಪು ಕಾಳಿನ ಸಾರು ತಿಂದು ಬೆಳೆದವರು. ಮದುವೆಗೆ ಮಾತಾಗಿದ್ದ ಹುಡುಗ ಸಮುದ್ರದ ಎಣ್ಣೆಬಾವಿಯ ಕೆಲಸಕ್ಕೆ ಹೋಗಿ ಟೆಕ್ಸಾಸಿನಲ್ಲಿ ಇನ್ನೊಬ್ಬಳನ್ನು ಕಟ್ಟಿಕೊಂಡ. "ಒಳ್ಳೇದೇ ಆಯ್ತು ಬಿಡು. ಒಬ್ಬ ಗಂಡಸಿಗೆ ಬೇಯಿಸಿ ಹಾಕೋದೇ ನಂಗೆ ಸಾಕುಸಾಕಾಗಿದೆ" ಅನ್ನುತ್ತಿದ್ದಳು. ಆ ಒಬ್ಬ ಗಂಡಸು ಅವಳ ತಮ್ಮ ಆಲ್ಸೀಡ್.

ಆಲ್ಸೀಡ್ ಬಲೆ ಎಳೆದು ಬದುಕಿದವನು. ಸಕ್ಕರೆ ಕಾಯಿಲೆ ಮೊದಲು ಅವನ ಒಂದು ಕಾಲು ತಿಂದಿತು, ಆಮೇಲೆ ಇನ್ನೊಂದನ್ನೂ. ರಾತ್ರಿ ಉಸಿರಾಡಲು ಯಂತ್ರ ಬೇಕು, ಯಂತ್ರಕ್ಕೆ ಕರೆಂಟು ಬೇಕು. ಹಗಲೆಲ್ಲ ಜಗಲಿಯಲ್ಲಿ ಗಾಲಿಕುರ್ಚಿ ಹಾಕಿಕೊಂಡು ಬಲೆ ಹೆಣೆಯುತ್ತ, ಹೋಗಿ ಬರುವ ಪ್ರತಿ ದೋಣಿಯ ಕುಂದು ಹೇಳುತ್ತ ಕೂರುತ್ತಿದ್ದ. ಅಕ್ಕ ಅವನನ್ನು ಕುರ್ಚಿಯಿಂದ ಹಾಸಿಗೆಗೆ ಮಗುವಿನ ಹಾಗೆ ಎತ್ತಿ ಹಾಕುತ್ತಿದ್ದಳು, ಎತ್ತುವಾಗಲೂ ಇಬ್ಬರದೂ ಜಗಳವೇ. ಪಕ್ಕದ ಮನೆಯವಳು ನಾನು, ಅರ್ಲೀನ್, ಯೂಲಾಲಿಯ ಚಿಕ್ಕಪ್ಪನ ಮಗನ ಹೆಂಡತಿ. ಅವರ ಜಗಳದ ಸದ್ದು ಕೇಳದಿದ್ದರೆ ಗಾಬರಿಯಾಗಿ ಬೇಲಿ ದಾಟಿ ಇಣುಕಿ ಬರುತ್ತಿದ್ದೆ.

ಆ ಆಗಸ್ಟಿನ ಬಿರುಗಾಳಿ ಅವರ ಮನೆಯ ಮಾಡನ್ನು, ತಗಡಿನ ಸೂರನ್ನು, ಅರ್ಧ ಹಾರಿಸಿಕೊಂಡು ಹೋಯಿತು. ಹಿಂದೆಯೇ ಕಾಲುವೆ ಮನೆಯೊಳಗೆ ನುಗ್ಗಿ ಕಿಟಕಿ ಮುಟ್ಟಿತು. ಕರ್ಲಿ ಪೀತ್ರ್ ತನ್ನ ಸಿಗಡಿ ದೋಣಿಯಲ್ಲಿ ಇಬ್ಬರನ್ನೂ ಎತ್ತಿಕೊಂಡು ಹೋದ. ಕರ್ಲಿ ಅಂದರೆ ಗುಂಗುರು ಕೂದಲಿನವನು. ನಾನು ನೋಡಿದಾಗಿನಿಂದ ಅವನ ತಲೆ ಬೋಳು, ಆದರೆ ಮನಸ್ಸು ದೊಡ್ಡದು, ಗಂಟಲು ಅದಕ್ಕಿಂತ ದೊಡ್ಡದು. ಆಲ್ಸೀಡ್‌ನನ್ನು ಪಟ್ಟಣದ ಆರೈಕೆ ಮನೆಗೆ ಸೇರಿಸಿದರು. ಮನೆ ಸರಿಯಾಗುವವರೆಗೆ ಮಾತ್ರ ಅಂದರು.

ಕೇಂದ್ರ ಸರ್ಕಾರ ಯೂಲಾಲಿಯ ಅಂಗಳದಲ್ಲಿ ಒಂದು ಬಿಳಿ ಟ್ರೇಲರ್ ತಂದು ನಿಲ್ಲಿಸಿತು. ಅದರ ಬಾಗಿಲು ಎಷ್ಟು ಕಿರಿದೆಂದರೆ ಗಾಲಿಕುರ್ಚಿ ಒಳಗೆ ತೂರುವುದಿಲ್ಲ. ಹಾಗಾಗಿ ಅಕ್ಕ ಇಲ್ಲಿ, ತಮ್ಮ ಅಲ್ಲಿ. ಪ್ರತಿ ಶನಿವಾರ ಚರ್ಚಿನ ವ್ಯಾನಿನಲ್ಲಿ ಅವಳು ಅವನನ್ನು ನೋಡಲು ಹೋಗುವಳು, ಅವನು ಪ್ರತಿ ಸಲ ಒಂದೇ ಮಾತು ಕೇಳುವನು.

"ಮನೆ ಆಯ್ತೇನೇ?"

"ಆಗುತ್ತೆ. ಬಾಯ್ಮುಚ್ಕೊಂಡು ತಿನ್ನು."

ಮನೆ ಎಲ್ಲಿ ಆಗುತ್ತಿತ್ತು! ಪರಿಹಾರದ ಹಣ ವಾಷಿಂಗ್ಟನ್ನಿನದು. ಅದನ್ನು ಹಂಚುವ ಹೊಣೆ ರಾಜ್ಯ ಸರ್ಕಾರದ್ದು. ರಾಜ್ಯದವರು ಅದನ್ನು ಎಲ್ಲಿಯದೋ ಒಂದು ಕಂಪನಿಗೆ ಒಪ್ಪಿಸಿದರು, ಕಂಪನಿಯವರು ನಮ್ಮ ಕಾಲುವೆ ಯಾವ ದಿಕ್ಕಿಗಿದೆ ಎಂದು ಅರಿಯದ ಹುಡುಗ ಹುಡುಗಿಯರನ್ನು ಫೋನಿನ ಮುಂದೆ ಕೂರಿಸಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದುಂಟಲ್ಲ, ಇಲ್ಲಿ ಪೂಜಾರಿಯೇ ದಿನಕ್ಕೊಬ್ಬ ಬದಲಾಗುತ್ತಿದ್ದ. ಒಬ್ಬಳಿಗೆ ಎಲ್ಲ ವಿವರಿಸಿ ಮುಗಿಸುವಷ್ಟರಲ್ಲಿ ಅವಳು ಕೆಲಸ ಬಿಟ್ಟಿರುತ್ತಿದ್ದಳು, ಹೊಸಬಳು ಮೊದಲಿನಿಂದ ಕೇಳುತ್ತಿದ್ದಳು: "ನಿಮ್ಮ ತಮ್ಮನ ಕಾಲಿಗೆ ಏನಾಗಿತ್ತು ಅಂದ್ರಿ?" ಫೋನಿಟ್ಟ ಮೇಲೆ ಯೂಲಾಲಿ ಟ್ರೇಲರಿನ ಮೆಟ್ಟಿಲ ಮೇಲೆ ಕೂತು ಎರಡೂ ಕೈಯಿಂದ ತಲೆ ಹಿಡಿದುಕೊಳ್ಳುವಳು.

ಆದರೂ ಅವಳು ಅದನ್ನೇ ನೆಚ್ಚಿಕೊಂಡಳು, ನೆಚ್ಚದೆ ಗತಿಯಿರಲಿಲ್ಲ. ಅರ್ಧಕ್ಕಿಂತ ಹೆಚ್ಚು ಹಾಳಾದ ಮನೆಯನ್ನು ಎತ್ತರದ ಕಂಬಗಳ ಮೇಲೆ ಏರಿಸಿದ ಹೊರತು ಕರೆಂಟು ಕೊಡುವಂತಿಲ್ಲ ಎಂದು ನಿಯಮ. ಕರೆಂಟಿಲ್ಲದ ಮನೆಗೆ ಆಲ್ಸೀಡ್‌ನನ್ನು ಕಳಿಸುವುದಿಲ್ಲ ಎಂದು ಆರೈಕೆ ಮನೆಯವರು. ಮನೆ ಏರಿಸುವ ಖರ್ಚು ನಮ್ಮಂಥವರ ಕೈಗೆ ಎಟುಕುವಂಥದ್ದಲ್ಲ. ರಾಜ್ಯದ ಯೋಜನೆ ಒಪ್ಪಿದರೆ ಮನೆ ಏಳುತ್ತದೆ, ತಮ್ಮ ಬರುತ್ತಾನೆ, ಒಪ್ಪದಿದ್ದರೆ ಇಲ್ಲ.

ಈ ಯೋಜನೆಗೆ ಒಂದು ಕಟ್ಟಳೆಯಿತ್ತು. ಅರ್ಜಿ ಹಾಕಿದ ದಿನದಿಂದ ಮನೆಯನ್ನು ಮುಟ್ಟಬಾರದು. ಕೇಂದ್ರದ ನಿಯಮದಂತೆ ನೆಲ, ನೀರು, ಹಳೆಯ ಬಣ್ಣ ಎಲ್ಲ ಪರೀಕ್ಷೆಯಾಗಿ ಅಪ್ಪಣೆ ಸಿಗುವ ತನಕ ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ, ಹೊಡೆದರೆ ಹಣವಿಲ್ಲ. ಚರ್ಚಿನ ಸಭಾಂಗಣದಲ್ಲಿ ಒಬ್ಬ ಅಧಿಕಾರಿ ಇದನ್ನು ಹೇಳಿದಾಗ ಮುಂದಿನ ಸಾಲಿನಲ್ಲಿ ಕೂತಿದ್ದ ಯೂಲಾಲಿ ಎದ್ದು ನಿಂತು ಕೇಳಿದಳಂತೆ: "ಮಳೆ ಒಳಗೆ ಸುರೀತಿದ್ರೂ?" "ಟಾರ್ಪಾಲು ಕಟ್ಟಬಹುದು ಮೇಡಂ, ಅಷ್ಟೇ" ಅಂದನಂತೆ, ನಮಗೆ ಇದು ಗೊತ್ತಾದದ್ದು ಎಷ್ಟೋ ಆಮೇಲೆ. ಅವಳು ಟಾರ್ಪಾಲು ಕಟ್ಟಿದಳು. ಗಾಳಿ ಹರಿದಾಗಲೆಲ್ಲ ಮತ್ತೆ ಕಟ್ಟಿದಳು. ಇನ್ನೊಬ್ಬರ ಮಾಡಿಗೆ ಮೊದಲು ಹತ್ತುವವಳು ತನ್ನದರ ಕೆಳಗೆ ಕೈಕಟ್ಟಿ ನಿಂತಳು.

ಅದನ್ನು ನೋಡುವುದು ನಮ್ಮಿಂದ ಆಗಲಿಲ್ಲ. ನಮ್ಮಲ್ಲಿ ಮುಯ್ಯಾಳಿನ ಪದ್ಧತಿಯುಂಟು, ಹಿರಿಯರ ಫ್ರೆಂಚಿನಲ್ಲಿ ಅದಕ್ಕೆ ಕೂ-ದ-ಮಾಂ ಅನ್ನುತ್ತೇವೆ. ಒಬ್ಬನ ಕೈಗೆ ಮೀರಿದ ಕೆಲಸವಿದ್ದರೆ ಶನಿವಾರ ಊರೇ ಹೋಗಿ ಮಾಡಿ ಮುಗಿಸುತ್ತದೆ, ಕೂಲಿಯ ಮಾತಿಲ್ಲ, ಹೊಟ್ಟೆ ತುಂಬ ಊಟ ಮಾತ್ರ. ಅದಕ್ಕೊಂದು ಮರ್ಯಾದೆಯೂ ಇದೆ: ಸಹಾಯ ಪಡೆಯುವವರು ಮೊದಲು ಬೇಡ ಅನ್ನಬೇಕು, ಏನಾದರೊಂದು ನೆಪ ಹೇಳಬೇಕು. ಹೂಂ ಅಂದವರನ್ನು ದುರಾಸೆಯವರು ಎಂದು ಆಡಿಕೊಳ್ಳುತ್ತಾರೆ. ಮುದುಕ ನೋಲನ್ ತನ್ನ ನಾಯಿಗೆ ಸುತ್ತಿಗೆ ಸದ್ದು ಆಗಿಬರುವುದಿಲ್ಲ ಅಂದಿದ್ದ. ನಾನೇ ನನ್ನ ಜಗಲಿ ಕಟ್ಟುವಾಗ ಅತ್ತೆಗೆ ತಲೆನೋವು ಅಂದಿದ್ದೆ, ಅತ್ತೆ ಸತ್ತು ವರ್ಷವಾಗಿತ್ತು. ಎಲ್ಲರೂ ನಕ್ಕು ಏಣಿ ಒರಗಿಸುತ್ತಾರೆ.

ಕರ್ಲಿ ಹೋಗಿ ಯೂಲಾಲಿಯನ್ನು ಕೇಳಿದ. ನಾನೂ ಜೊತೆಗಿದ್ದೆ.

"ಬೇಡ ಕರ್ಲಿ" ಅಂದಳು. "ಸರ್ಕಾರದೋರು ಮುಟ್ಟಬಾರದು ಅಂದಿದಾರೆ. ಒಂದು ಮೊಳೆನೂ ಹೊಡೆಯೋ ಹಾಗಿಲ್ಲ."

"ಓಹೋ, ಸರ್ಕಾರ ಬಂದು ಮೊಳೆ ಎಣಿಸುತ್ತಂತಾ?"

"ಬೇಡ ಅಂದೆ."

"ಕೇಳಿಸ್ತು ಮಾರಾಯ್ತಿ, ಕೇಳಿಸ್ತು" ಅಂದು ಅವನು ನನ್ನ ಕಡೆ ಕಣ್ಣು ಹೊಡೆದ. ದಾರಿಯಲ್ಲಿ ನಗುತ್ತ ಬಂದ. "ನೋಲನ್‌ಗೆ ನಾಯಿ, ಇವಳಿಗೆ ಸರ್ಕಾರ! ನೆಪದಲ್ಲೂ ಇವಳದ್ದೇ ಮೇಲುಗೈ ನೋಡು." ನಮ್ಮಲ್ಲಿ ಬೇರೆ ಯಾರೂ ಆ ಯೋಜನೆಗೆ ಅರ್ಜಿ ಹಾಕಿರಲಿಲ್ಲ. ಕೆಲವರಿಗೆ ವಿಮೆ ಬಂದಿತ್ತು, ಉಳಿದವರು ತಾವೇ ಹೇಗೋ ತೇಪೆ ಹಾಕಿಕೊಂಡಿದ್ದರು. ಸಭೆಯಲ್ಲಿ ಕೂತು ಕೇಳಿಸಿಕೊಂಡವಳು ಅವಳೊಬ್ಬಳೇ.

ಶನಿವಾರ ಅವಳ ವ್ಯಾನು ತಿರುವು ದಾಟಿತೋ ಇಲ್ಲವೋ, ಊರೆಲ್ಲ ಅಂಗಳದಲ್ಲಿತ್ತು. ಕರ್ಲಿ ಎಲ್ಲಿಂದಲೋ ಹೊಸ ತಗಡು ತಂದಿದ್ದ. ಹೆಂಗಸರು ಕಬ್ಬಿಣದ ಹಂಡೆಯಲ್ಲಿ ಸಿಗಡಿ ಹಾಕಿ ಗಂಬೊ ಸಾರಿಗಿಟ್ಟೆವು. ಅವಳಿಗೆ ಮುಯ್ಯಿ ತೀರಿಸುವುದಿರದ ಮನೆಯೇ ಇರಲಿಲ್ಲ, ಅದಕ್ಕೇ ಅಷ್ಟು ಜನ. ಕೊಳೆತ ತೊಲೆ ಕಿತ್ತು ಹೊಸದು ಕೂರಿಸಿದರು, ಸಾಲು ತಪ್ಪದಂತೆ ಮೊಳೆ ಹೊಡೆದರು. "ಸೊಟ್ಟ ಇದ್ರೆ ಸಂಜೆ ಬಂದು ಕಿವಿ ಹಿಂಡ್ತಾಳೆ" ಎಂದು ಒಬ್ಬರನ್ನೊಬ್ಬರು ಹೆದರಿಸಿಕೊಂಡರು. ಆ ದಿನದಷ್ಟು ಸಂತೋಷವನ್ನು ನಾನು ಬಿರುಗಾಳಿಯ ನಂತರ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಸಂಜೆ ವ್ಯಾನು ನಿಂತಿತು. ಯೂಲಾಲಿ ಇಳಿದು, ಬಿಸಿಲಿಗೆ ಫಳಫಳ ಹೊಳೆಯುವ ಮಾಡನ್ನು ನೋಡಿ, ವ್ಯಾನಿನ ಬಾಗಿಲು ಹಿಡಿದುಕೊಂಡೇ ನಿಂತಳು.

"ಏನು ಯೂಲಾಲಿ, ಬಾಯಿಗೆ ಬೀಗ ಬಿತ್ತಾ?" ಕರ್ಲಿ ಕೂಗಿದ. "ಒಂದ್ಸಲ ಬೈದಾದ್ರೂ ಬೈಯೇ!"

"ಯಾರು ಮಾಡಿ ಅಂದಿದ್ದು?"

"ನೀನೇ. ಬೇಡ ಅಂದ್ಯಲ್ಲ!" ಎಲ್ಲರೂ ನಕ್ಕರು.

"ಬೇಡ ಅಂದಿದ್ದು ಬೇಡ ಅಂತಾನೇ ಕಣೋ." ಅವಳ ದನಿ ಏರಲಿಲ್ಲ, ಅದಕ್ಕೇ ಎಲ್ಲರ ನಗು ನಿಂತಿತು. "ಬುಧವಾರ ನೋಡೋಕೆ ಬರ್ತಾರೆ. ಕಾಯ್ದು ಕಾಯ್ದು ಈಗ ದಿನ ಕೊಟ್ಟಿದಾರೆ. ಮುಟ್ಟಿದ್ರೆ ಹಣ ಇಲ್ಲ ಅಂದಿದ್ರು, ನೀವು ಇಡೀ ಮಾಡು ಹಾಕಿದೀರ. ಬುಧವಾರ ಬರ್ತಾರೆ ಅಂತ ಆಲ್ಸೀಡ್‌ಗೆ ಈಗ ಹೇಳಿ ಬಂದೆ. ಕುಣಿಯೋಕೆ ಕಾಲಿಲ್ಲದೋನು ಕೈ ತಟ್ಟಿದ." ಅಂದವಳು ನೆಲದಲ್ಲೇ ಕುಳಿತುಬಿಟ್ಟಳು. ಹಂಡೆಯ ತುಂಬ ಇದ್ದ ಸಾರನ್ನು ಆ ಸಂಜೆ ಯಾರೂ ಮುಟ್ಟಲಿಲ್ಲ.

ಮರುದಿನ ನಾವು ಪೂಜೆ ಮುಗಿಸಿ ಚರ್ಚಿನಿಂದ ಬರುವಾಗ ಅವಳು ಆಗಲೇ ಏಣಿಯ ಮೇಲಿದ್ದಳು. ಭಾನುವಾರದ ಲಂಗವನ್ನು ಮೊಣಕಾಲಿಗೆ ಕಟ್ಟಿಕೊಂಡು, ಕಬ್ಬಿಣದ ಸರಳು ತೂರಿಸಿ ಹೊಸ ತಗಡನ್ನು ಮೀಟುತ್ತಿದ್ದಳು. ಮೊಳೆ ಕಿರುಗುಟ್ಟಿ ಬಂತು, ತಗಡು ಜಾರಿ ಅಂಗಳಕ್ಕೆ ಬಿತ್ತು. ನಾವು ರಸ್ತೆಯಲ್ಲಿ ನಿಂತು ನೋಡಿದೆವು. ಕರ್ಲಿ ಕೋಟು ಬಿಚ್ಚಿ ನನ್ನ ಕೈಗಿತ್ತು ಏಣಿ ಹತ್ತಿದ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ನಿನ್ನೆ ಹಾಕಿದ ಕೈಗಳೇ ಇವತ್ತು ಕಿತ್ತವು. ಹೊಸ ತೊಲೆಯನ್ನೂ ಇಳಿಸಿ, ಹರಿದ ನೀಲಿ ಟಾರ್ಪಾಲನ್ನು ಮತ್ತೆ ಬಿಗಿದರು. ಸಾವಿನ ಮನೆಯಲ್ಲಾದರೂ ಯಾರಾದರೊಬ್ಬರು ಅಳುತ್ತಾರೆ. ಇಲ್ಲಿ ಅದೂ ಇರಲಿಲ್ಲ.

ಬುಧವಾರ ಬಂದವಳು ಕೆಂಡ್ರಾ ಎಂಬ ಹುಡುಗಿ, ಕಂಪನಿಯ ಪರವಾಗಿ. ಒಳ್ಳೆಯವಳೇ. ಮನೆ ಸುತ್ತಿದಳು, ಚಿತ್ರ ತೆಗೆದಳು, ಹೊಸ ಮೊಳೆಯ ತೂತುಗಳ ಮುಂದೆ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಕೇಳಿದಳು: "ಮಿಸ್ ಯೂಲಾಲಿ, ಅರ್ಜಿ ಹಾಕಿದ ಮೇಲೆ ಈ ಮನೆಗೆ ಏನಾದ್ರೂ ಕೆಲಸ ಆಗಿದೆಯಾ?"

ಕರ್ಲಿ ಹಿಂದಿನಿಂದ ಬೇಡ ಬೇಡ ಎಂದು ತಲೆಯಾಡಿಸಿದ.

"ಆಗಿದೆ" ಅಂದಳು ಯೂಲಾಲಿ. "ಊರೋರು ಮಾಡು ಹಾಕಿದ್ರು. ಕಿತ್ತು ಹಾಕಿದೀವಿ. ಈಗ ಮೊದಲಿನ ಹಾಗೇ ಇದೆ, ನೋಡ್ಕೊಳ್ಳಿ."

ಹುಡುಗಿ ಕಣ್ಣು ಮುಚ್ಚಿದಳು. ಫೋನು ಹಿಡಿದು ಕಾರಿನ ಹತ್ತಿರ ಹೋಗಿ ಮೇಲಿನವರ ಜೊತೆ ತುಂಬ ಹೊತ್ತು ಮಾತಾಡಿ ಬಂದಳು. "ಹಾಕಿದ್ದೂ ಕೆಲಸವೇ ಅಂತಾರೆ, ಮಿಸ್ ಯೂಲಾಲಿ. ಕಿತ್ತಿದ್ದೂ ಕೆಲಸವೇ ಅಂತೆ. ಅಪ್ಪಣೆ ಇಲ್ಲದೆ ಕೆಡವೋದು ಇನ್ನೂ ದೊಡ್ಡ ತಪ್ಪಂತೆ."

"ಹಾಕಿದ್ದೂ ತಪ್ಪು, ಕಿತ್ತಿದ್ದೂ ತಪ್ಪು!" ಕರ್ಲಿಯ ಗಂಟಲು ಕಾಲುವೆಯ ಆಚೆ ದಡಕ್ಕೂ ಕೇಳಿಸಿತು. "ತಪ್ಪು ಮಾಡಿದೋರು ನಾವು. ನಮ್ಮನ್ನ ಹಿಡ್ಕೊಂಡು ಹೋಗ್ರಿ! ಅವಳ ತಮ್ಮನಿಗ್ಯಾಕೆ ಶಿಕ್ಷೆ?"

"ಸರ್, ನಿಯಮ ನನ್ನದಲ್ಲ, ವಾಷಿಂಗ್ಟನ್ನಿಂದು."

"ವಾಷಿಂಗ್ಟನ್ನಿಗೆ ಫೋನ್ ಮಾಡಿದ್ರೆ ರಾಜ್ಯದೋರನ್ನ ಕೇಳಿ ಅಂತಾರೆ, ಮಗಳೇ" ಅಂದೆ ನಾನು. "ರಾಜ್ಯದೋರು ನಿಮ್ಮನ್ನ ಕೇಳಿ ಅಂತಾರೆ. ನೀವು ಯಾರನ್ನ ಕೇಳಿ ಅಂತೀರಿ?"

ಹೊರಡುವ ಮುಂಚೆ ಕೆಂಡ್ರಾ ಯೂಲಾಲಿಯ ಕೈ ಹಿಡಿದು ಮೆಲ್ಲಗೆ ಅಂದಳು: "ಇಲ್ಲ ಅಂದಿದ್ರೆ ನಾನು ಇಲ್ಲ ಅಂತಾನೇ ಬರ್ಕೊಳ್ತಿದ್ದೆ. ಯಾಕೆ ಹೇಳಿದ್ರಿ?"

"ನೀನು ಕೇಳ್ದೆ. ಹೇಳ್ದೆ" ಅಂದಳು ಯೂಲಾಲಿ. "ಸುಳ್ಳು ನಂಗೆ ಬರಲ್ಲ ಕಣಮ್ಮ."

ಮೇಲ್ಮನವಿ ಹಾಕಿದೆವು. ಚಳಿಗಾಲವಿಡೀ ಕಾದೆವು. ಟಾರ್ಪಾಲಿನಡಿ ಮಳೆ ಇಳಿದು, ನಡುಮನೆಯ ನೆಲ ಒಂದು ದಿನ ಕುಸಿದು ಹೋಯಿತು. ಆ ಮಾಡನ್ನು ಹಾಗೇ ಬಿಟ್ಟಿದ್ದರೆ ನೆಲವಾದರೂ ಉಳಿಯುತ್ತಿತ್ತು ಎಂದು ಕರ್ಲಿ ಹಣೆ ಹಣೆ ಚಚ್ಚಿಕೊಂಡ. ನಾನೂ ಯೂಲಾಲಿಯೂ ರಾಜಧಾನಿಗೆ ಹೋಗಿ ಕಚೇರಿಯ ಮುಂದೆ ಕೂತೆವು. ಒಳಗಿನವರು ಗೌರವದಿಂದಲೇ ಮಾತಾಡಿಸಿದರು, ಕಾಫಿ ಕೊಟ್ಟರು, ವಿಚಾರಿಸುತ್ತೇವೆ ಅಂದರು. ಕೊನೆಗೆ ಬಂದದ್ದು ಇಲ್ಲ ಎಂಬ ಒಂದೇ ಮಾತು. ಬೆನ್ನಿಗೇ ಟ್ರೇಲರಿನ ಅವಧಿ ಮುಗಿಯಿತು, ಖಾಲಿ ಮಾಡಿ ಅಂದರು.

ಉಳಿದದ್ದು ಇನ್ನೊಂದು ಯೋಜನೆ. ಅದರಲ್ಲಿ ಸರ್ಕಾರವೇ ಮನೆ ಕೊಂಡು, ಕೆಡವಿ, ಆ ಜಾಗವನ್ನು ಹುಲ್ಲಿಗೂ ನೀರಿಗೂ ಬಿಟ್ಟುಬಿಡುತ್ತದೆ. ಇನ್ನೆಂದೂ ಅಲ್ಲಿ ಯಾರೂ ಮನೆ ಕಟ್ಟುವಂತಿಲ್ಲ. ಕೈಗೆ ಬರುವ ಹಣದಲ್ಲಿ ಪಟ್ಟಣದಲ್ಲಿ ಒಂದು ಕೋಣೆ ಬಾಡಿಗೆಗೆ ಸಿಗುತ್ತದೆ, ಮಹಡಿಯ ಮೇಲೆ, ಒಬ್ಬರಿಗೆ ಸಾಕಾಗುವಷ್ಟು. ನಾನು ನಮ್ಮ ಮನೆಗೆ ಬಾ ಎಂದು ಕಾಲು ಹಿಡಿದೆ. "ನಿನ್ನ ಮನೇಲಿದ್ರೆ ದಿನಾ ಬೆಳಗೆದ್ದು ಆ ಖಾಲಿ ಜಾಗ ನೋಡಬೇಕಲ್ಲ ಅರ್ಲೀನ್" ಅಂದಳು. ಒಪ್ಪಿ ಸಹಿ ಹಾಕಿದಳು. ಮಾಡು ಹಾಕಲು ಎರಡು ವರ್ಷ ಬಾರದಿದ್ದ ಸರ್ಕಾರ ಕೆಡವಲು ಹೇಳಿದ ದಿನಕ್ಕೆ, ಹೇಳಿದ ಹೊತ್ತಿಗೆ ಸರಿಯಾಗಿ ಬಂತು.

ಬುಲ್ಡೋಜರ್ ಜಗಲಿಗೆ ಮೂಗು ಒತ್ತಿದಾಗ ಅವಳು ಅಲ್ಲೇ ನಿಂತಿದ್ದಳು. ಅವಳ ಅಪ್ಪ ಸೈಪ್ರೆಸ್ ಮರ ಕಡಿದು ತಂದು ಕಟ್ಟಿದ ಮನೆ. ಅದು ಒಂದೇ ಸಲಕ್ಕೆ ಬೀಳಲಿಲ್ಲ, ಮೊಂಡು ಮಾಡಿತು. ಬಿದ್ದ ಮೇಲೆ ಯೂಲಾಲಿ ಕರ್ಲಿಯ ಕಡೆ ತಿರುಗಿ, "ಗಾಡಿ ತೆಗಿ. ಇವತ್ತು ಶನಿವಾರ" ಅಂದಳು. ಆಲ್ಸೀಡ್‌ಗೆ ತಾನೇ ಹೇಳುತ್ತೇನೆ, ಯಾರೂ ಬಾಯಿ ಬಿಡಬೇಡಿ ಎಂದು ದಾರಿಯುದ್ದಕ್ಕೂ ನಮ್ಮಿಂದ ಮಾತು ತೆಗೆದುಕೊಂಡಳು.

ಆಲ್ಸೀಡ್ ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದ. ತುಂಬ ಸೊರಗಿದ್ದ. ಅಕ್ಕನ ಬೂಟು ನೋಡಿದ.

"ಇದೇನೇ, ಇಷ್ಟೊಂದು ಮಣ್ಣು? ಮನೆ ಆಯ್ತೇನೇ?"

ಯೂಲಾಲಿ ಬಾಯಿ ತೆರೆದಳು. ಈಗ ಹೇಳುತ್ತಾಳೆ ಎಂದು ನಾನು ಗೋಡೆ ಹಿಡಿದುಕೊಂಡೆ.

"ಆಯ್ತು" ಅಂದಳು.

"ಆಯ್ತಾ?"

"ಆಯ್ತು ಅಂದ್ನಲ್ಲ. ಹೊಸ ಮಾಡು. ಬಾಗಿಲು ಅಗಲ ಮಾಡ್ಸಿದೀನಿ, ನಿನ್ನ ಕುರ್ಚಿ ಸಲೀಸಾಗಿ ಹೋಗುತ್ತೆ. ನಿನ್ನ ಹಾಸಿಗೆ ಕಾಲುವೆ ಕಡೆ ಹಾಕಿದೀನಿ. ದೋಣಿ ನೋಡ್ಕೊಂಡು ಬೈತಾ ಬಿದ್ದಿರು."

"ಎಷ್ಟೆತ್ತರ ಏರ್ಸಿದಾರೆ?"

"ಕೆಳಗೆ ಕರ್ಲಿ ಗಾಡಿ ನಿಲ್ಲಿಸಬಹುದು. ಅಷ್ಟೆತ್ತರ. ಇನ್ಯಾವ ನೀರೂ ಬರಲ್ಲ."

ಆಲ್ಸೀಡ್‌ನ ಮುಖ ಅರಳಿತು, ಹಾಗೇ ಕುಂದಿತು. ತನ್ನ ಮೊಂಡುಗಾಲುಗಳ ಮೇಲೆ ಕೈ ಇಟ್ಟುಕೊಂಡ. "ಅಷ್ಟೆತ್ತರ ನಾನು ಹೆಂಗೆ ಹತ್ತೋದೇ?"

ಸುಳ್ಳಿಗೆ ಹೊಸಬಳು ಅವಳು. ಮಾಡು, ಬಾಗಿಲು, ಹಾಸಿಗೆ ಎಲ್ಲ ಕಟ್ಟಿದ್ದಳು, ಅವನನ್ನು ಮೇಲೆ ಹತ್ತಿಸುವುದನ್ನು ಯೋಚಿಸಿರಲಿಲ್ಲ. ಕರ್ಲಿಯ ಕಡೆ ತಿರುಗಿದಳು.

"ನಾವೆಲ್ಲ ಸತ್ತಿದೀವಾ?" ಅಂದ ಕರ್ಲಿ. ಅವನ ದೊಡ್ಡ ಗಂಟಲು ನಡುವೆ ಒಡೆಯಿತು. "ಕುರ್ಚಿ ಸಮೇತ ಎತ್ಕೊಂಡು ಹೋಗ್ತೀವಿ ಕಣೋ. ಇಡೀ ಊರು ಬರುತ್ತೆ."

ಆಲ್ಸೀಡ್ ನಕ್ಕ. ಎಷ್ಟೋ ತಿಂಗಳಿನಿಂದ ಕಾಣದಿದ್ದ ನಗು. ಬಾಗಿಲಲ್ಲಿ ಹಾಯುತ್ತಿದ್ದ ನರ್ಸಿಗೆ ಕೂಗಿ ಹೇಳಿದ: "ಕೇಳಿಸ್ತಾ ತಾಯೀ? ನನ್ನ ಎತ್ಕೊಂಡು ಹೋಗೋಕೆ ಬಂದಿದಾರೆ. ಮನೆಗೆ ಹೋಗ್ತಿದೀನಿ ನಾನು!" ಆಮೇಲೆ ಅಕ್ಕನ ಕಡೆ ತಿರುಗಿ ಎಂದಿನ ಜಗಳದ ದನಿ ತೆಗೆದ. "ಏನು ಬಾಯಿ ಬಿಟ್ಕೊಂಡು ನಿಂತಿದೀಯಾ? ನನ್ನ ಬಟ್ಟೆ ಯಾರು ತುಂಬೋರು?"

ಯೂಲಾಲಿ ಕಪಾಟು ತೆರೆದಳು. ಅವನ ಅಂಗಿಗಳನ್ನು ಒಂದೊಂದಾಗಿ ತೆಗೆದು, ತೋಳು ಒಳಗೆ ಮಡಚಿ, ಚೀಲಕ್ಕೆ ತುಂಬತೊಡಗಿದಳು.